ಹದಿನೈದು ಮೀಟರ್ ಸರಿಸಿ ಆಫ್ ಮಾಡಿದ ಮಹಾನುಭಾವನಿಗೆ

ಕಾರು ಗ್ಯಾರೇಜಿಗೆ ಬಿಡುವಾಗ ಸ್ಟೀರಿಂಗ್ ಮೇಲೆ ಚೀಟಿ ಅಂಟಿಸಿದ್ದೆ. ಅಂಗೈ ಅಗಲದ ಹಳದಿ ಚೀಟಿ, ದಪ್ಪ ಮಾರ್ಕರ್ ಪೆನ್ನಲ್ಲಿ ಬರೆದದ್ದು. 'ಒಂದು ಸಲ ಸ್ಟಾರ್ಟ್ ಮಾಡಿದರೆ ಪೂರ್ತಿ ಬಿಸಿಯಾಗುವ ತನಕ ಆಫ್ ಮಾಡಬೇಡಿ.' ಕೆಳಗೆ ಎರಡು ಗೆರೆ ಬೇರೆ. ಕೀ ಕೊಡುವಾಗ ಬಾಯಲ್ಲೂ ಹೇಳಿದೆ. ಕೌಂಟರ್ ಹಿಂದಿನವನು ನಕ್ಕು, 'ನಲವತ್ತು ವರ್ಷದಿಂದ ಕಾರು ರಿಪೇರಿ ಮಾಡ್ತಿದ್ದೀನಿ, ಲವ್' ಅಂದ. ಇಲ್ಲಿ ಇಂಗ್ಲೆಂಡಿನಲ್ಲಿ ಗುರುತಿಲ್ಲದ ಹೆಂಗಸರನ್ನೂ ಲವ್ ಅಂತ ಕರೆಯುವವರಿದ್ದಾರೆ, ಅದಕ್ಕೆ ಕೋಪವಿಲ್ಲ. ನನ್ನ ಕೋಪ ಆ ನಲವತ್ತು ವರ್ಷದ ಮೇಲೆ.

ಎರಡು ದಿನ ಬಿಟ್ಟು ಫೋನ್ ಬಂತು. 'ಎಂಜಿನ್ ಹೋಗಿದೆ. ಈ ಕಾರುಗಳದ್ದು ಎಲ್ಲ ಹೀಗೇ. ಗುಜರಿಗೆ ಬೇಕಾದರೆ ನಾನೇ 300 ಪೌಂಡ್ ಕೊಡ್ತೀನಿ.'

ಸೋಮವಾರ ನಾನೇ ಓಡಿಸಿಕೊಂಡು ಹೋಗಿ ಬಿಟ್ಟ ಕಾರು! ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಎಂಒಟಿ ತಪಾಸಣೆಗೆ ಮತ್ತು ಮುಂದಿನ ಚಕ್ರದ ಬ್ರೇಕ್ ಪ್ಯಾಡ್‌ಗೆ ಅಂತ ಬಿಟ್ಟಿದ್ದು. ಬುಧವಾರ ಹೆಣ ಅಂತಾರೆ.

ಕಾರು ಯಾವುದು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ಅರ್ಥವಾಗಲ್ಲ. ಮಜ್ದಾ ಆರ್‌ಎಕ್ಸ್-8. 2006ರದ್ದು, 231 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಹಾರ್ಸ್‌ಪವರ್), ಆರು ಗೇರು. ಮಿಲ್ಟನ್ ಕೀನ್ಸ್‌ಗೆ ಬಂದು ಐದು ವರ್ಷ ದುಡ್ಡು ಕೂಡಿಟ್ಟು, ಗಂಡನ ಹತ್ತಿರ ಆರು ತಿಂಗಳು ಜಗಳ ಆಡಿ, 2,400 ಪೌಂಡ್‌ಗೆ ತಗೊಂಡಿದ್ದು. 1.3 ಲೀಟರ್ ಎಂಜಿನ್. ಹೆಚ್ಚುಕಡಿಮೆ ನಮ್ಮ ಮಾರುತಿ ಎಸ್ಟೀಮ್‌ನಷ್ಟೇ ಸಿಸಿ. ಆದರೆ 9,000 ಆರ್‌ಪಿಎಂ ತನಕ ಹೋಗುತ್ತದೆ, ಅದೂ ನಡುಗದೆ. ಕೆಂಪು ಗೆರೆ ಹತ್ತಿರ ಬಂದಾಗ 'ಬೀಪ್' ಅನ್ನುತ್ತದೆ, ಸಾಕು ಗೇರ್ ಹಾಕು ಅಂತ. ಆ ಬೀಪ್ ಕೇಳಿದ ದಿನ ಆಫೀಸಿನ ಯಾವ ಮೀಟಿಂಗೂ ತಲೆಗೆ ಹತ್ತಲ್ಲ.

ಇದು ರೋಟರಿ ಎಂಜಿನ್, ಇದರಲ್ಲಿ ಮೇಲೆ ಕೆಳಗೆ ಹೋಗುವ ಪಿಸ್ಟನ್ನೇ ಇಲ್ಲ. ಹೊಟ್ಟೆ ಉಬ್ಬಿದ ಸಮೋಸದ ಥರ ಎರಡು ರೋಟರ್, ಒಂದೊಂದು 654 ಸಿಸಿ ಲೆಕ್ಕ, ಸೊಂಟ ಸಣ್ಣಗಿರುವ ಗೂಡಿನೊಳಗೆ ಸುತ್ತುತ್ತಿರುತ್ತವೆ. ಸಮೋಸದ ಮೂರು ಮೂಲೆಗೂ ಒಂದೊಂದು ಸೀಲು. ಆ ಸೀಲು ಗೋಡೆ ಸವರಿಕೊಂಡೇ ಓಡಬೇಕು. ಅಲ್ಲಿ ಎಣ್ಣೆಯ ಪಸೆ ಇಲ್ಲದಿದ್ದರೆ ಕಥೆ ಮುಗಿಯಿತು. ಅದಕ್ಕೇ ಒಂದು ಪಂಪು ಎಂಜಿನ್ ಆಯಿಲನ್ನೇ ಚೂರುಚೂರು ಒಳಗೆ ಬಿಡುತ್ತಿರುತ್ತದೆ. ಅಂದರೆ ಈ ಗಾಡಿ ಆಯಿಲ್ ಸುಡುವುದು ರೋಗವಲ್ಲ, ಅದನ್ನು ಮಾಡಿದ್ದೇ ಹಾಗೆ. ಎರಡು ಸಲ ಪೆಟ್ರೋಲ್ ಹಾಕಿಸುವಷ್ಟರಲ್ಲಿ ಒಂದು ಸಲ ಆಯಿಲ್ ಕಡ್ಡಿ ಎಳೆದು ನೋಡಲೇಬೇಕು. ಮೈಸೂರಿನ ನಮ್ಮ ಭಾವನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಮದುವೆ ಮನೆಯಲ್ಲಿ ಸಿಕ್ಕವರಿಗೆಲ್ಲ, 'ನಮ್ಮ ನಾದಿನಿ ಗಂಡ ಎಣ್ಣೆ ಮುಟ್ಟಲ್ಲ, ಅದಕ್ಕೇ ಅವಳು ಎಣ್ಣೆ ಹಾಕೋ ಕಾರು ತಗೊಂಡಿದ್ದಾಳೆ' ಅಂತ ಹೇಳಿಕೊಂಡು ಓಡಾಡಿದ್ದಾರೆ.

ನನಗೆ ಇದು ಹೊಸದಾಗಿ ಕಂಡಿರಲಿಲ್ಲ. ಅಪ್ಪನ ಹತ್ತಿರ ಯೆಜ್ಡಿ ಇತ್ತು, ಯಾದವಗಿರಿ ಫ್ಯಾಕ್ಟರಿಯಲ್ಲೇ ಹುಟ್ಟಿದ ಬೈಕು. ಬಂಕಿಗೆ ಹೋದರೆ ಪೆಟ್ರೋಲ್ ಜೊತೆ 2ಟಿ ಆಯಿಲ್ ಹಾಕಿಸಿ ಟ್ಯಾಂಕ್ ಅಲ್ಲಾಡಿಸುವುದು ನನ್ನ ಕೆಲಸ. ಆರ್‌ಎಕ್ಸ್-8 ಇಟ್ಟುಕೊಂಡವರು ಸೀಲು ಬಾಳಿಕೆ ಬರಲಿ ಅಂತ ಟ್ಯಾಂಕಿಗೆ ಅದೇ 2ಟಿ ಆಯಿಲ್ ಸುರಿಯುತ್ತಾರೆ ಅಂತ ತಿಳಿದಾಗ ನಗು ಬಂದಿತ್ತು. ಇಷ್ಟು ದೂರ ಬಂದು ಮತ್ತೆ ಅದೇ ಕೆಲಸ, ಅದೇ ವಾಸನೆ.

ಇನ್ನು ಚೀಟಿಯ ವಿಷಯ. ತಣ್ಣಗಿರುವಾಗ ಸ್ಟಾರ್ಟ್ ಆದರೆ ಈ ಎಂಜಿನ್ ಜಾಸ್ತಿ ಪೆಟ್ರೋಲ್ ಎಳೆಯುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಉಳಿದ ಪೆಟ್ರೋಲ್ ಒಳಗೇ ನಿಲ್ಲುತ್ತದೆ. ಗೋಡೆಗೆ ಅಂಟಿದ ಎಣ್ಣೆಯ ಪಸೆ ತೊಳೆದುಹೋಗುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಕಂಪ್ರೆಶನ್, ಅಂದರೆ ಒಳಗೆ ಗಾಳಿ ಒತ್ತಿ ಹಿಡಿಯುವ ಒತ್ತಡ, ಬಿದ್ದುಹೋಗುತ್ತದೆ. ಮುಂದಿನ ಸಲ ಸೆಲ್ಫ್ ಹೊಡೆದರೆ ಇನ್ನಷ್ಟು ಪೆಟ್ರೋಲ್ ಒಳಗೆ. ಹೊಡೆದಷ್ಟೂ ಮುಳುಗುತ್ತದೆ. ಇದಕ್ಕೆ ಮದ್ದೂ ಇದೆ, ಕಷ್ಟದ್ದೇನಲ್ಲ. ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಸೆಲ್ಫ್ ಹೊಡೆದರೆ ಪೆಟ್ರೋಲ್ ಬರುವುದು ನಿಲ್ಲುತ್ತದೆ, ಒಳಗಿನದು ಆಚೆ ಹೋಗುತ್ತದೆ. ಇದು ಗೊತ್ತಿದ್ದರೆ ಸಾಕು. ಗೊತ್ತಿಲ್ಲದಿದ್ದರೆ ಚೀಟಿ ಓದಿದರೆ ಸಾಕು!

ಗ್ಯಾರೇಜಿಗೆ ಹೋದೆ. ಯಜಮಾನ ನನ್ನ ಪಕ್ಕ ನಿಂತಿದ್ದ ನನ್ನ ಗಂಡನ ಮುಖ ನೋಡಿಕೊಂಡು ವಿವರಿಸಲು ಶುರು ಮಾಡಿದ. ನನ್ನ ಗಂಡನಿಗೆ ಬಾನೆಟ್ ತೆಗೆಯುವ ಹಿಡಿ ಎಲ್ಲಿದೆ ಅಂತಲೂ ಗೊತ್ತಿಲ್ಲ. ಪಾಪ, ತಲೆ ಆಡಿಸುತ್ತಿದ್ದರು. 'ಕಂಪ್ರೆಶನ್ ನೋಡಿದೆ, ಐದು ಬಂತು. ಹನ್ನೆರಡಾದರೂ ಬರಬೇಕು' ಅಂದ. ಯಾವ ಮುಖದ್ದು ಅಂತ ಕೇಳಿದೆ. 'ಏನು?' ಅಂದ. ರೋಟರಿನ ಮೂರು ಮುಖದಲ್ಲಿ ಯಾವುದು ಅಂತ ಕೇಳಿದೆ. ಸುಮ್ಮನಾದ.

ಅವನ ಕೈಯಲ್ಲಿದ್ದದ್ದು ಪಿಸ್ಟನ್ ಕಾರಿನ ಮಾಮೂಲಿ ಗೇಜು. ಒಂದು ಪ್ಲಗ್ ತೂತಿನ ಮುಂದೆ ಮೂರು ಮುಖ ಒಂದಾದ ಮೇಲೊಂದು ಹಾದುಹೋಗುತ್ತವೆ, ಆ ಗೇಜು ಮೂರರಲ್ಲಿ ದೊಡ್ಡದನ್ನು ಮಾತ್ರ ಹಿಡಿದುಕೊಂಡು ಕೂರುತ್ತದೆ. ಒಂದು ಸೀಲು ಮುರಿದಿದ್ದರೂ ಗೊತ್ತಾಗಲ್ಲ. ರೋಟರಿಗೆ ಅಂತಲೇ ಬೇರೆ ಮೀಟರ್ ಇದೆ. ಒಂದೊಂದು ರೋಟರಿಗೂ ಮೂರು ಅಂಕಿ ಕೊಡುತ್ತದೆ. ಸೆಲ್ಫ್ ಎಷ್ಟು ವೇಗವಾಗಿ ತಿರುಗಿಸಿತು ಅಂತ ನೋಡಿ, ಅದನ್ನು 250 ಆರ್‌ಪಿಎಂ ಲೆಕ್ಕಕ್ಕೆ ಇಳಿಸಿ ಹೇಳಬೇಕು. ಅಲ್ಲದೆ ಹನ್ನೆರಡು ಯಾವ ಲೆಕ್ಕ? ಈ ಎಂಜಿನ್ ಹೊಸದಿದ್ದಾಗಲೇ ಬರುವುದು ಚದರ ಸೆಂಟಿಮೀಟರಿಗೆ 8.5 ಕೆಜಿಯ ಸುತ್ತಮುತ್ತ. 6.9ಕ್ಕಿಂತ ಕೆಳಗೆ ಬಿದ್ದರೆ ಬಿಚ್ಚಬೇಕು ಅಂತ ಲೆಕ್ಕ. ಕುಂಬಳಕಾಯಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿ, ಕಮ್ಮಿ ಇದೆ ಅಂದರೆ ಹೇಗೆ?

ಅಷ್ಟರಲ್ಲಿ ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಬಾಯಿ ಬಿಟ್ಟ. ಹದಿನೆಂಟು ವರ್ಷ ಇರಬೇಕು, ಸುಳ್ಳು ಇನ್ನೂ ಕಲಿತಿಲ್ಲ. ಫೆಬ್ರವರಿ ಚಳಿ, ರಾತ್ರಿಯೆಲ್ಲ ಕಾರು ಒಳಗೆ ಇತ್ತಂತೆ. ಬೆಳಿಗ್ಗೆ ಇನ್ನೊಂದು ಕಾರಿಗೆ ಜಾಗ ಬೇಕು ಅಂತ ಸ್ಟಾರ್ಟ್ ಮಾಡಿ ಹದಿನೈದು ಮೀಟರ್ ಆಚೆ ತಂದು ಆಫ್ ಮಾಡಿದರಂತೆ. ಮಧ್ಯಾಹ್ನ ಪಾರ್ಟ್ಸ್ ತಂದ ವ್ಯಾನಿಗೆ ಅಡ್ಡ ಅಂತ ಮತ್ತೆ ಸ್ಟಾರ್ಟ್, ಎರಡು ಮಾರು ಸರಿಸಿ ಆಫ್. ಸಂಜೆ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸಾಯುವ ತನಕ ಸೆಲ್ಫ್ ಹೊಡೆದರು. ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸೆಲ್ಫ್ ಮೋಟಾರೇ ಸುಟ್ಟುಹೋಗುವ ತನಕ ಹೊಡೆದರು. ಅದನ್ನು ಬದಲಾಯಿಸಿ ಮತ್ತೆ ಹೊಡೆದರು. ಯಜಮಾನ ಹುಡುಗನನ್ನು ಟೀ ತರಲು ಕಳಿಸಿದ.

ಬಿಲ್ಲು ನೋಡಿ. ಬ್ಯಾಟರಿ 110 ಪೌಂಡ್, ಸೆಲ್ಫ್ ಮೋಟಾರ್ 240, ಮೂರು ಗಂಟೆ ಕೂಲಿ ಗಂಟೆಗೆ 85ರಂತೆ 255. ಅದರ ಮೇಲೆ ಶೇ. 20 ವ್ಯಾಟ್. ಒಟ್ಟು 726 ಪೌಂಡ್. ಎಂಒಟಿ, ಬ್ರೇಕ್ ಪ್ಯಾಡ್ ಬೇರೆ. ನನ್ನ ಕಾರು ಅವರೇ ಕೆಡಿಸಿದ್ದಕ್ಕೆ ನಾನು ಕೊಡಬೇಕಾದ ಕೂಲಿ! ದುಡ್ಡು ಕೊಡದಿದ್ದರೆ ಕಾರು ಬಿಡಲ್ಲ ಅಂದರು. ಕೊಟ್ಟೆ. ಬಿಲ್ಲಿನ ಮೇಲೇ 'ಒಪ್ಪಿಗೆ ಇಲ್ಲದೆ ಕೊಟ್ಟಿದ್ದೇನೆ' ಅಂತ ಬರೆದು ಸಹಿ ಹಾಕಿ ಫೋಟೋ ತೆಗೆದುಕೊಂಡೆ. ಹೊರಡುವಾಗ ಯಜಮಾನ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. 'ಆಟದ ಸಾಮಾನು ಎಂಜಿನ್ ಅದು, ಲವ್. ಒಂದು ಟೊಯೋಟಾ ತಗೋ.' 1991ರಲ್ಲಿ ಲೆ ಮಾನ್‌ನಲ್ಲಿ 24 ಗಂಟೆ ಓಡಿ ಎಲ್ಲರಿಗಿಂತ ಮುಂದೆ ಬಂದ ಮಜ್ದಾ 787ಬಿಯಲ್ಲಿ ಇದ್ದದ್ದು ಇದೇ ಜಾತಿಯ ಎಂಜಿನ್, ಎರಡರ ಬದಲು ನಾಲ್ಕು ರೋಟರ್, ಅಷ್ಟೇ. ಆ ಕಾರನ್ನೂ ಯಾರಾದರೂ ಹಿಡಿದು ಎರಡು ಮಾರು ಸರಿಸಿ ಆಫ್ ಮಾಡಬೇಕಿತ್ತು.

ಈ ಕಾರಿನ ವಿಷಯದಲ್ಲಿ ನನ್ನನ್ನು ಮೊದಲು ಬೋಳಿಸಿದ್ದು ಈ ಗ್ಯಾರೇಜಲ್ಲ. ಮಾರಿದವನು. 'ಸ್ಟೇಜ್ 2 ರೀಮ್ಯಾಪ್, 260 ಹಾರ್ಸ್‌ಪವರ್' ಅಂತ ಎದೆ ಉಬ್ಬಿಸಿ ಹೇಳಿದ್ದ. ಆಸೆಗೆ ಬಿದ್ದೆ. ಆಮೇಲೆ ಪವರ್ ಅಳೆಯುವ ರೋಲಿಂಗ್ ರೋಡ್ ಯಂತ್ರದ ಮೇಲೆ ಹತ್ತಿಸಿ ಅಳೆಸಿದರೆ 198! ಟರ್ಬೊ ಇಲ್ಲದ ಈ ಎಂಜಿನ್ನಿಗೆ ಕಂಪ್ಯೂಟರಿನಲ್ಲಿ ನಾಲ್ಕು ಅಂಕಿ ತಿದ್ದಿದರೆ ಎಲ್ಲಿಂದ ಬರುತ್ತದೆ ಪವರ್? ಏರ್ ಫಿಲ್ಟರಿನ ಡಬ್ಬಿ ಕಿತ್ತು ಬೋಳು ಫಿಲ್ಟರ್ ಸಿಕ್ಕಿಸಿದ್ದ. ಸದ್ದು ಜೋರು, ಆದರೆ ಎಳೆಯುತ್ತಿದ್ದದ್ದು ಬಾನೆಟ್ ಒಳಗಿನ ಬಿಸಿ ಗಾಳಿ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬರೀ ಪೈಪ್ ಹಾಕಿದ್ದ. ಅದಿಲ್ಲದೆ ಎಂಒಟಿ ಪಾಸಾಗಲ್ಲ, ಹಾಗಾಗಿ ಹೊಸದು ತಂದು ಹಾಕಿಸಿದೆ. ಅದಕ್ಕೆ ಸುರಿದ ದುಡ್ಡು ಇಲ್ಲಿ ಬರೆಯಲ್ಲ, ಇದನ್ನು ನನ್ನ ಗಂಡನೂ ಓದುತ್ತಾರೆ. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ನಾಲ್ಕೂ ಮುದಿಯಾಗಿದ್ದವು. ಕಾಯಿಲ್ ಸೋತರೆ ಪೆಟ್ರೋಲ್ ಪೂರ್ತಿ ಉರಿಯಲ್ಲ, ಉರಿಯದ್ದು ಹೋಗಿ ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸಿ ಕಟ್ಟಿಸುತ್ತದೆ. ಆ ಬಿಸಿ ತಿರುಗಿ ಎಂಜಿನ್ನಿಗೇ ಬರುತ್ತದೆ. ಕಾಯಿಲ್ ಬದಲಾಯಿಸುವ ಬದಲು ಅವನು ಕನ್ವರ್ಟರನ್ನೇ ಎಸೆದಿದ್ದ. ಇವನಿಗೂ ಟ್ಯೂನರ್ ಅಂತ ಹೆಸರು.

ಜನ ಟ್ಯೂನಿಂಗ್ ಅಂದರೆ ಪವರ್ ಏರಿಸುವುದು ಅಂದುಕೊಂಡಿದ್ದಾರೆ. ನಾನು ಎರಡು ವರ್ಷದಿಂದ ಮಾಡುತ್ತಿರುವ ಟ್ಯೂನಿಂಗ್ ಅಂದರೆ ಅವನು ಮಾಡಿದ್ದನ್ನು ಒಂದೊಂದಾಗಿ ಬಿಚ್ಚಿ, ಹಿರೋಶಿಮಾದಿಂದ ಹೊರಟಾಗ ಹೇಗಿತ್ತೋ ಹಾಗೆ ಮಾಡುವುದು. ತಮಾಷೆ ಕೇಳಿ. ಇವೆಲ್ಲ ಇದ್ದಾಗ ಇನ್ಶೂರೆನ್ಸಿನವರಿಗೆ ಹೇಳಿದೆ, ಹೇಳದಿದ್ದರೆ ಕ್ಲೇಮ್ ಕೊಡಲ್ಲ. ಪ್ರೀಮಿಯಂ ಏರಿಸಿದರು. ಎಲ್ಲ ಬಿಚ್ಚಿ ಮೊದಲಿನಂತೆ ಮಾಡಿದೆ ಅಂತ ಮತ್ತೆ ಹೇಳಿದೆ. ಬದಲಾವಣೆ ಶುಲ್ಕ ಅಂತ 35 ಪೌಂಡ್ ಕಿತ್ತುಕೊಂಡರು.

ರೋಡ್ ಟ್ಯಾಕ್ಸ್ ನೆನೆಸಿಕೊಂಡರೆ ಇನ್ನೂ ಉರಿ. ಈ ದೇಶದಲ್ಲಿ 2006ರ ಮಾರ್ಚ್ 23ಕ್ಕಿಂತ ಮುಂಚೆ ರಿಜಿಸ್ಟರ್ ಆದ ಕಾರು ಎಷ್ಟೇ ಹೊಗೆ ಉಗುಳಿದರೂ ಟ್ಯಾಕ್ಸ್ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆ ದಿನ ದಾಟಿದರೆ ಮೇಲಿನ ಪಟ್ಟಿ, ವರ್ಷಕ್ಕೆ 700 ಪೌಂಡ್ ದಾಟುತ್ತದೆ. ನನ್ನ ಕಾರು ರಿಜಿಸ್ಟರ್ ಆದದ್ದು ಏಪ್ರಿಲ್ 5ಕ್ಕೆ. ಹದಿಮೂರು ದಿನ! ಅದೇ ಎಂಜಿನ್, ಅದೇ ಬಣ್ಣ, ಅದೇ ಹೊಗೆ, ವರ್ಷವರ್ಷವೂ 300 ಪೌಂಡ್‌ಗಿಂತ ಜಾಸ್ತಿ ದಂಡ. ಆ ಮೊದಲ ಮಾಲೀಕ ಎರಡು ವಾರ ಮುಂಚೆ ಶೋರೂಮಿಗೆ ಹೋಗಿದ್ದರೆ ಅವನ ಗಂಟೇನು ಹೋಗುತ್ತಿತ್ತು? ತಗೊಳ್ಳುವ ಮುಂಚೆ ಈ ತಾರೀಕು ನೋಡಿಕೊಳ್ಳಿ ಅಂತ ನನಗೆ ಒಬ್ಬರೂ ಹೇಳಲಿಲ್ಲ. ನೀವು ನೋಡಿಕೊಳ್ಳಿ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಕಮಾನು, ಅಲ್ಲಿ ತುಕ್ಕೂ ನೋಡಿಕೊಳ್ಳಿ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ.

ಹೆಣದ ಕಥೆ ಬಾಕಿ ಇದೆ. 220 ಪೌಂಡ್ ಕೊಟ್ಟು ಲಾರಿ ಮೇಲೆ ಹೇರಿಸಿ, ಎರಡು ಗಂಟೆ ದೂರದಲ್ಲಿ ಬರೀ ರೋಟರಿ ಕೆಲಸ ಮಾಡುವವರೊಬ್ಬರ ಹತ್ತಿರ ಕಳಿಸಿದೆ. ಶನಿವಾರ ನಾನೂ ಹೋದೆ. ಆತ ಪ್ಲಗ್ ನಾಲ್ಕೂ ಬಿಚ್ಚಿ ಮೂಸಿ ನೋಡಿದರು. ಬಟ್ಟೆಯಲ್ಲಿ ಒರೆಸಿ ಒಣಗಲು ಇಟ್ಟರು. ಎರಡೂ ರೋಟರಿನ ತೂತಿಗೆ ಒಂದೊಂದು ಚಮಚದಷ್ಟು ಆಯಿಲ್ ಬಿಟ್ಟರು. ಪ್ಲಗ್ ಹಾಕಿ, ಪೆಡಲ್ ನೆಲಕ್ಕೆ ಒತ್ತಿ, ಸೆಲ್ಫ್ ಹೊಡೆದರು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಒಂದು ಕೆಮ್ಮು ಬಂತು. ಆಮೇಲೆ ಹಿಡಿದುಕೊಂಡಿತು. ಗಣಹೋಮದ ಮನೆಯಷ್ಟು ಹೊಗೆ, ಬಿಳಿ ಹೊಗೆ, ಪಕ್ಕದ ಶೆಡ್ಡಿನವರು ಆಚೆ ಬಂದು ನೋಡಿದರು. ಯೆಜ್ಡಿ ವಾಸನೆ. ಅಳು ಬಂತು, ಹೊಗೆಗೆ ಅಂತ ಹೇಳಿ ಕಣ್ಣು ಒರೆಸಿಕೊಂಡೆ.

ಪೂರ್ತಿ ಬಿಸಿಯಾದ ಮೇಲೆ ಸರಿಯಾದ ಮೀಟರ್ ಹಾಕಿ ಅಳೆದರು. ಮುಂದಿನ ರೋಟರ್ 7.6, 7.5, 7.7. ಹಿಂದಿನದು 7.3, 7.2, 7.4. 'ಇಪ್ಪತ್ತು ವರ್ಷದ ಕಾರಿಗೆ ಚೆನ್ನಾಗಿದೆ, ಓಡಿಸಿ' ಅಂದರು. 140 ಪೌಂಡ್ ತಗೊಂಡರು. 300ಕ್ಕೆ ಗುಜರಿಗೆ ಹೋಗಬೇಕಿದ್ದ ಕಾರಿನಲ್ಲೇ ಮನೆಗೆ ಬಂದೆ.

ಆ ಅಳತೆಯ ಹಾಳೆ, ಬಿಲ್ಲು, ಹಳದಿ ಚೀಟಿಯ ಫೋಟೋ ಎಲ್ಲ ಸೇರಿಸಿ ಗ್ಯಾರೇಜಿಗೆ ಪತ್ರ ಬರೆದಿದ್ದೇನೆ. 726 ಪೌಂಡೂ ಲಾರಿ ದುಡ್ಡೂ ಹದಿನಾಲ್ಕು ದಿನದಲ್ಲಿ ವಾಪಸ್ ಬರದಿದ್ದರೆ ಕೋರ್ಟಿಗೆ ಹಾಕುತ್ತೇನೆ ಅಂತ. ಹತ್ತು ದಿನ ಆಯಿತು, ಸದ್ದಿಲ್ಲ. ಚೀಟಿ ಸಿಕ್ಕಿತು. ಪಕ್ಕದ ಸೀಟಿನ ಕೆಳಗೆ ಮುದುರಿ ಬಿದ್ದಿತ್ತು, ಮೇಲೆ ಬೂಟಿನ ಗುರುತು.

ಈಗ ರಾತ್ರಿ ಹನ್ನೊಂದು. ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, ನಾಳೆ ಬೆಳಿಗ್ಗೆ ಏಳಕ್ಕೆ ಸೋಫಾ ತರುವ ಲಾರಿ ಬರುತ್ತದೆ, ನಿನ್ನ ಕಾರು ಹತ್ತು ಅಡಿ ಹಿಂದೆ ಸರಿಸುತ್ತೀಯಾ ಅಂತ ಕೇಳಿಕೊಂಡು ಹೋದರು. ಹೂಂ ಅಂದಿದ್ದೇನೆ. ಆರೂಕಾಲಕ್ಕೆ ಅಲಾರಂ ಇಟ್ಟಿದ್ದೇನೆ. ಸ್ವೆಟರ್ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು, ಈ ಊರಿನ ರೌಂಡಬೌಟ್‌ಗಳನ್ನೆಲ್ಲ ಅರ್ಧ ಗಂಟೆ ಸುತ್ತಿ ಬಂದು, ಹತ್ತು ಅಡಿ ಹಿಂದೆ ನಿಲ್ಲಿಸಬೇಕು.