ಕೊಟ್ಟಿಗೆ ನೋಡಿ ಬಂದವನ ಹೆಂಡತಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಮ್ಮಲ್ಲೇ ಹೆಚ್ಚು ಎಂಬ ಹೆಮ್ಮೆ ನನಗಿತ್ತು. ಅದನ್ನೂ ಅಮೆರಿಕದವರು ಕಿತ್ತುಕೊಂಡರು.

2003ರ ಜನವರಿ 28ರಂದು, ಇರಾಕಿನ ಸರ್ವಾಧಿಕಾರಿ ಸದ್ದಾಂ ಮೇಲೆ ಯುದ್ಧಕ್ಕೆ ಹೊರಟಿದ್ದ ಅಧ್ಯಕ್ಷ ಜಾರ್ಜ್ ಬುಷ್ ಸಂಸತ್ತಿನ ಮುಂದೆ ಹೇಳಿದ್ದಿಷ್ಟು: ಸದ್ದಾಂ ಹುಸೇನ್ ಇತ್ತೀಚೆಗೆ ಆಫ್ರಿಕಾದಿಂದ ಗಣನೀಯ ಪ್ರಮಾಣದ ಯುರೇನಿಯಂ ಪಡೆಯಲು ಯತ್ನಿಸಿದ್ದನ್ನು ಬ್ರಿಟಿಷ್ ಸರ್ಕಾರ ಪತ್ತೆಹಚ್ಚಿದೆ. ಇಂಗ್ಲಿಷಿನಲ್ಲಿ ಇದು 16 ಪದ. ಕನ್ನಡದಲ್ಲಿ 12ಕ್ಕೇ ಮುಗಿಯುತ್ತದೆ. ದೊಡ್ಡ ದೇಶ, ಎಲ್ಲದರಲ್ಲೂ ಧಾರಾಳ. ಯುರೇನಿಯಂ ಅಂದರೆ ಅಣುಬಾಂಬಿನ ಕಚ್ಚಾವಸ್ತು. ಜಾಣತನ ನೋಡಿ, ಎತ್ತು ಈದದ್ದನ್ನು ತಾವು ಕಂಡೆವೆಂದು ಹೇಳಲೇ ಇಲ್ಲ. ಪಕ್ಕದ ಮನೆಯವರು ಕಂಡರಂತೆ.

ಕೊಟ್ಟಿಗೆ ಅಂದರೆ ಆಫ್ರಿಕಾದ ನೈಜರ್ ದೇಶ, ಯುರೇನಿಯಂ ಅಲ್ಲಿಂದ ಎಂಬ ಗುಮಾನಿ. ಅದನ್ನು ನೋಡಿ ಬರಲು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಒಬ್ಬರನ್ನು ವರ್ಷದ ಹಿಂದೆಯೇ ಕಳಿಸಿತ್ತು. ಜೋಸೆಫ್ ವಿಲ್ಸನ್. 1976ರಲ್ಲಿ ರಾಯಭಾರ ಸೇವೆಗೆ ಸೇರಿದಾಗ ಅವರ ಮೊದಲ ಪೋಸ್ಟಿಂಗೇ ನೈಜರ್. 1990ರಲ್ಲಿ ಸದ್ದಾಂ ಕುವೈತ್ ನುಂಗಿದಾಗ ಬಾಗ್ದಾದಿನ ಅಮೆರಿಕ ರಾಯಭಾರ ಕಚೇರಿ ಇವರ ಉಸ್ತುವಾರಿಯಲ್ಲಿತ್ತು. ವಿದೇಶಿಯರಿಗೆ ಆಸರೆ ಕೊಟ್ಟವರಿಗೆ ಮರಣದಂಡನೆ ಎಂಬ ಬೆದರಿಕೆ ಬಂತು. ವಿಲ್ಸನ್ ಕೊರಳಿಗೆ ನೇಣಿನ ಕುಣಿಕೆ ಹಾಕಿಕೊಂಡೇ ಪತ್ರಕರ್ತರ ಮುಂದೆ ಬಂದರು, ಹಗ್ಗ ನಾನೇ ತರುತ್ತೇನೆ ಅಂದರು. ಆಗ ಅಧ್ಯಕ್ಷರಾಗಿದ್ದ ಅಪ್ಪ ಬುಷ್ ಅವರನ್ನು ವೀರನೆಂದು ಹೊಗಳಿದ್ದರು.

ಅಂಥ ಮನುಷ್ಯ 2002ರ ಫೆಬ್ರವರಿಯಲ್ಲಿ ನೈಜರ್ ರಾಜಧಾನಿ ನಿಯಾಮೆಗೆ ಹೋಗಿ, ಎಂಟು ದಿನ ಪುದೀನ ಚಹಾ ಕುಡಿಯುತ್ತ ಹತ್ತಾರು ಜನರನ್ನು ವಿಚಾರಿಸಿದರು. ಕರು ಹುಟ್ಟಿರುವುದು ತೀರಾ ಅನುಮಾನ ಎಂದು ಬಂದು ಹೇಳಿದರು. ಖರ್ಚು ಸರ್ಕಾರದ್ದು, ಸಂಬಳ ಸೊನ್ನೆ. ಇತ್ತ ವ್ಯಾಪಾರ ನಡೆದದ್ದಕ್ಕೆ ಸಾಕ್ಷಿಯೆಂದು ಓಡಾಡುತ್ತಿದ್ದ ಕಾಗದಗಳಲ್ಲಿ, 2000ನೇ ಇಸವಿಯ ಪತ್ರಕ್ಕೆ 1989ರಲ್ಲೇ ಕುರ್ಚಿ ಬಿಟ್ಟಿದ್ದ ನೈಜರ್ ಮಂತ್ರಿಯ ಸಹಿ! ನಮ್ಮ ತಾಲೂಕು ಕಚೇರಿಗಳ ಸುತ್ತ ದಾಖಲೆ ‘ಸೃಷ್ಟಿಸುವವರು’ ಇದನ್ನು ನೋಡಿದ್ದರೆ ವೃತ್ತಿಗೇ ಅವಮಾನ ಎನ್ನುತ್ತಿದ್ದರು. ಅವು ಖೋಟಾ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2003ರ ಮಾರ್ಚ್ 7ರಂದು ಹೇಳಿತು. ಎರಡು ವಾರವೂ ಕಳೆಯಲಿಲ್ಲ, ಇರಾಕಿನ ಮೇಲೆ ಬಾಂಬ್ ಬಿತ್ತು.

ಜುಲೈ 6ರಂದು ವಿಲ್ಸನ್ ನ್ಯೂಯಾರ್ಕ್ ಟೈಮ್ಸಿನಲ್ಲಿ ಇದನ್ನೆಲ್ಲ ಬರೆದರು. ಮರುದಿನವೇ ಶ್ವೇತಭವನ, ಆ 16 ಪದ ಭಾಷಣದಲ್ಲಿ ಇರಬಾರದಿತ್ತು ಎಂದು ಒಪ್ಪಿಕೊಂಡಿತು. ಪದ ವಾಪಸ್ ಬಂತು, ಸೈನ್ಯ ಬಾಗ್ದಾದಿನಲ್ಲೇ ಉಳಿಯಿತು.

ಜುಲೈ 14ಕ್ಕೆ ಇನ್ನೊಂದು ಉತ್ತರ ಬಂತು, ಪತ್ರಕರ್ತ ರಾಬರ್ಟ್ ನೊವಾಕ್ ಅವರ ಅಂಕಣದಲ್ಲಿ: ವಿಲ್ಸನ್ ಪತ್ನಿ ವ್ಯಾಲರಿ ಪ್ಲೇಮ್ ಸಿಐಎಯವರು. ಕರು ಎಲ್ಲಿ ಅಂತ ಕೇಳಿದರೆ, ನಿನ್ನ ಹೆಂಡತಿ ಎಲ್ಲಿ ಕೆಲಸಕ್ಕಿದ್ದಾಳೆ ಗೊತ್ತು ಅನ್ನುವ ಉತ್ತರ! ಆಕೆಯ ಕೆಲಸವೋ, ಸಮೂಹನಾಶಕ ಅಸ್ತ್ರಗಳು ಹರಡದಂತೆ ಗುಟ್ಟಾಗಿ ಕಣ್ಣಿಡುವುದು. ಇಲ್ಲದ ಅಸ್ತ್ರದ ಮಾನ ಕಾಯಲು, ಇರುವ ಅಸ್ತ್ರ ಹುಡುಕುವವರ ಗುಟ್ಟು ಬಯಲಾಯಿತು. ಗಂಡನನ್ನು ನೈಜರಿಗೆ ಕಳಿಸಿದ್ದೂ ಆಕೆಯೇ ಎಂದು ಬೇರೆ ಗುಲ್ಲೆಬ್ಬಿಸಿದರು. ಸಂಬಳವಿಲ್ಲದೆ ನಿಯಾಮೆಗೆ ಅಟ್ಟುವುದು ಸ್ವಜನಪಕ್ಷಪಾತವಾದರೆ, ನಮ್ಮ ಶಾಸಕರು ಕಲಿಯುವುದು ಇನ್ನೂ ಬಹಳ ಇದೆ.

ಹೆಸರು ಹೊರಹಾಕಿದ್ದಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ತನಿಖೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಉಪಾಧ್ಯಕ್ಷರ ಆಪ್ತ ಲಿಬ್ಬಿಗೆ 30 ತಿಂಗಳ ಜೈಲಾಯಿತು. ಬುಷ್ ಜೈಲು ತಪ್ಪಿಸಿದರು, 2018ರಲ್ಲಿ ಟ್ರಂಪ್ ಕ್ಷಮೆಯನ್ನೇ ಕೊಟ್ಟರು.

ಕರು? ಹುಡುಕಲಿಲ್ಲ ಅನ್ನುವಂತಿಲ್ಲ. 2004ರ ಮಾರ್ಚಿನಲ್ಲಿ ಪತ್ರಕರ್ತರ ಔತಣಕೂಟದಲ್ಲಿ ಬುಷ್ ತಮ್ಮ ಫೋಟೋಗಳನ್ನು ತೋರಿಸಿದರು. ಬಗ್ಗಿ ಬಗ್ಗಿ ಕಚೇರಿಯ ಪೀಠೋಪಕರಣಗಳ ಕೆಳಗೆ ನೋಡುತ್ತಿದ್ದಾರೆ: ಅಸ್ತ್ರಗಳು ಇಲ್ಲೇ ಎಲ್ಲೋ ಇರಬೇಕಲ್ಲ! ಊಟಕ್ಕೆ ಬಂದವರು ನಕ್ಕರು.