ಅತ್ತೆಯ ಕುಟ್ಟಾಣಿ, ಮಗನ ಜ್ಯೂಸರ್

ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರಿಂದ ನಮ್ಮ ಮನೆಗೆ ಬಂದು ಬಿದ್ದಿರುವ ಜ್ಞಾನ ಅಷ್ಟಿಷ್ಟಲ್ಲ. ಮೆಂತ್ಯ ನೆನೆಸಿದ ನೀರು ಬಂತು, ರಾಗಿ ಅಂಬಲಿ ಬಂತು, ಬರಿಗಾಲ ನಡಿಗೆ ಬಂದು ಮುಳ್ಳು ಚುಚ್ಚಿಸಿಕೊಂಡು ವಾಪಸಾಯಿತು. ಈ ಸಲ ಬಂದದ್ದು ಹಸಿ ತರಕಾರಿ ರಸ. ನಮ್ಮ ಮನೆಯವರು ಶೂ ಬಿಚ್ಚುವ ಮೊದಲೇ, "ನಾಳೆಯಿಂದ ಚಾ ಬೇಡ, ಜ್ಯೂಸ್" ಎಂದು ಸಾರಿದರು. ಮರುದಿನ ಜ್ಯೂಸ್ ಮೇಲೆ ಚಾ ಕೂಡ ಬೇಕಾಯಿತು, ಆ ಮಾತು ಬೇರೆ.

ಕೆ.ಆರ್. ಮಾರ್ಕೆಟ್‌ನಲ್ಲಿ ಮೂರು ಕೆಜಿ ಗಜ್ಜರಿ, ಒಂದು ಕೆಜಿ ಬೀಟ್‌ರೂಟ್, ಸೌತೆಕಾಯಿ, ಶುಂಠಿ ತೂಗಿಸುತ್ತಿದ್ದರೆ ಮಾರುವಾಕೆ ಕೇಳಿಯೇಬಿಟ್ಟಳು: "ಏನಕ್ಕಾ, ಮನೇಲಿ ಏನಾರ ಕಾರ್ಯ ಐತೇನ್ರಿ?" ಇಬ್ಬರು ಕುಡಿಯುವುದಕ್ಕೆ ಇಷ್ಟು ಎಂದು ಹೇಳಲು ನಾಚಿಕೆಯಾಗಿ ಹ್ಞೂಂಗುಟ್ಟಿ ಬಂದೆ.

ಮೊದಲಿಗೇ ಮಷೀನು ಬೇಡ, ಮಿಕ್ಸಿ ಸಾಕು ಎಂದವಳು ನಾನು. ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರು ಹಾಕಿ ರುಬ್ಬಿ, ಹಳೇ ಪಂಚೆಯ ತುಂಡಿನಲ್ಲಿ ಹಿಂಡುವುದು, ಅಷ್ಟೇ. ಹೇಳಿದಷ್ಟು ಸಲೀಸಲ್ಲ ಎಂದು ಅಂಗೈಗೆ ಗೊತ್ತಾಯಿತು. ಹಿಂಡಿ ಹಿಪ್ಪೆ ಮಾಡುವುದು ಅಂತಾರಲ್ಲ, ಅದರಲ್ಲಿ ಹಿಂಡುವವರ ಪಾಡನ್ನು ಯಾರೂ ಕೇಳುವುದಿಲ್ಲ. ಅರ್ಧ ಕೆಜಿ ಗಜ್ಜರಿಗೆ ಸಿಕ್ಕಿದ್ದು ಒಂದು ಲೋಟ ರಸ, ಒಂದು ಬೋಗುಣಿ ಹಿಪ್ಪೆ. ಬೀಟ್‌ರೂಟ್ ಹಿಂಡಿದ ಮೇಲಂತೂ ನನ್ನ ಕೈ, ಕಟ್ಟೆ, ಗೋಡೆಯ ಬಿಳಿ ಟೈಲ್ಸು ಎಲ್ಲ ಕೆಂಪೋ ಕೆಂಪು. ಇವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, "ಮಳೆ ಬಿದ್ದ ಹೊಲ ಕುಡಿದಂಗಾತು" ಅಂದರು. ತಮಾಷೆಗೆ ಅಂದಿದ್ದು ನಿಜವೇ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುವುದಕ್ಕೆ ಕಾರಣವಾದ ಜಿಯೋಸ್ಮಿನ್ ಬೀಟ್‌ರೂಟಿನಲ್ಲೂ ಇದೆ. ಅದಕ್ಕೆ ಮದ್ದು ನಿಂಬೆಹಣ್ಣು ಮತ್ತು ಶುಂಠಿ. ಅರ್ಧ ಹೋಳು ನಿಂಬೆ ಬಿದ್ದರೆ ಹೊಲ ಹೋಗಿ ಪಾನಕವಾಗುತ್ತದೆ.

ಮರುದಿನ ನಸುಕಿನಲ್ಲಿ ಬಚ್ಚಲಿನಿಂದ ಬಂದವರೇ ನನ್ನನ್ನು ಅಲುಗಿಸಿ ಎಬ್ಬಿಸಿ ಪಿಸುಗುಟ್ಟಿದರು: "ಡಾಕ್ಟ್ರಿಗೆ ಫೋನ್ ಮಾಡು. ಉಚ್ಚೆ ಕೆಂಪಗೆ ಹೊಂಟೈತಿ." ಯಾವ ಕೆಂಪು ಎಂದು ವಿಚಾರಿಸಿದೆ. "ನಿನ್ನ ಆ ರೇಷ್ಮೆ ಸೀರೆ ಅಂಚು ಐತಲ್ಲ, ಆ ಕೆಂಪು." ನಾನು ಮಗ್ಗಲು ಬದಲಿಸಿ ಮಲಗಿದೆ. ಬೀಟ್‌ರೂಟಿನ ಬಣ್ಣ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗೆ ಇಳಿದು ಹೋಗುತ್ತದೆ, ಅದರಿಂದ ಕೇಡೇನಿಲ್ಲ. ಅಂದಿನಿಂದ ಬೀಟ್‌ರೂಟ್ ಎರಡು ಹೋಳಿಗೆ ಇಳಿಯಿತು.

ಹೆದರಬೇಕಾದ ಕಡೆ ಮಾತ್ರ ಇವರಿಗೆ ಹೆದರಿಕೆಯೇ ಇಲ್ಲ. ಒಂದು ದಿನ ಸೋರೆಕಾಯಿ ತಂದು, ಕಹಿಯಿದ್ದರೆ ಇನ್ನೂ ಒಳ್ಳೆಯದಂತೆ ಎಂದರು. ಆಗ ನಾನು ಚಾಕು ಕೆಳಗಿಟ್ಟೆ. ಸೋರೆಕಾಯಿ, ಸೌತೆಕಾಯಿಗಳ ಆ ಕಹಿ ಹಾಗಲಕಾಯಿಯ ಕಹಿಯಲ್ಲ, ಕುಕುರ್ಬಿಟಾಸಿನ್ ಎಂಬ ವಿಷದ್ದು. ಕಹಿ ಸೋರೆಕಾಯಿ ರಸ ಕುಡಿದು ಜೀವ ಹೋದವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ, ಕಹಿ ಇದ್ದರೆ ಚೆಲ್ಲಿ ಎಂದು ಹೇಳಿದೆ. ಅತ್ತೆ ಇಷ್ಟು ವರ್ಷ ಸೌತೆಕಾಯಿ ಹೆಚ್ಚುವಾಗ ತುದಿಯ ಚೂರನ್ನು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದದ್ದು ಸುಮ್ಮನೆ ಬಾಯಿ ಚಪಲಕ್ಕಲ್ಲ.

ತಿಂಗಳೊಪ್ಪತ್ತಿನಲ್ಲಿ ಮಷೀನು ಬಂದೇಬಿಟ್ಟಿತು. ಅಂಗಡಿಯ ಹುಡುಗ ಎರಡು ಜಾತಿ ತೋರಿಸಿದನಂತೆ. ಒಂದು ಗರಗರ ತಿರುಗಿ ರಸ ಚಿಮ್ಮಿಸುವುದು, ಬೆಲೆ ಕಡಿಮೆ, ಸದ್ದು ಜಾಸ್ತಿ, ನೊರೆಯೂ ಜಾಸ್ತಿ. ಇನ್ನೊಂದು ಸ್ಲೋ ಜ್ಯೂಸರ್. ಅದರೊಳಗಿನ ತಿರುಪು ನಿಮಿಷಕ್ಕೆ ಐವತ್ತು ಅರವತ್ತು ಸುತ್ತು ಅಷ್ಟೇ, ತರಕಾರಿಯನ್ನು ಜಜ್ಜಿ ಒತ್ತಿ ಹಿಂಡುತ್ತದೆ. ಇಂಗ್ಲಿಷಿನಲ್ಲಿ ಮಾಸ್ಟಿಕೇಟಿಂಗ್ ಜ್ಯೂಸರ್ ಎಂದೂ ಅನ್ನುತ್ತಾರೆ. ಅಂದರೆ ಅಗಿಯುವ ಯಂತ್ರ. ಮೂವತ್ತೆರಡು ಹಲ್ಲೂ ಗಟ್ಟಿ ಇರುವ ಗಂಡಸು ಐದಂಕಿ ಕೊಟ್ಟು ತಂದದ್ದು ಇದನ್ನು.

82 ವರ್ಷದ ಅತ್ತೆಗೆ ಇರುವುದು ನಾಲ್ಕು ಹಲ್ಲು. ಎಲೆ ಅಡಿಕೆಯನ್ನು ಹಿತ್ತಾಳೆ ಕುಟ್ಟಾಣಿಯಲ್ಲಿ ಟಕ್ ಟಕ್ ಎಂದು ಕುಟ್ಟಿಯೇ ಬಾಯಿಗೆ ಹಾಕಿಕೊಳ್ಳುವುದು. ಮಷೀನಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಒಂದು ಗಜ್ಜರಿ ಒಳಗೆ ಹೋಗಿ ಒಂದು ಕಡೆ ಹನಿ, ಇನ್ನೊಂದು ಕಡೆ ಹಿಪ್ಪೆಯಾಗಿ ಬರುವವರೆಗೂ ನೋಡಿದರು. "ನನ್ನ ಕುಟ್ಟಾಣಿ ವಾಸಿ ಕಣಪ್ಪಾ. ಕುಟ್ಟಿದ್ದನ್ನೆಲ್ಲಾ ನಂಗೇ ಕೊಡ್ತತಿ. ನಿಂದು ಅರ್ಧ ತಾನೇ ಇಟ್ಕಂತತಿ."

ಆ ಅರ್ಧವನ್ನು ಎಸೆಯಲು ನನಗೂ ಮನಸ್ಸು ಬರಲಿಲ್ಲ. ನಾರಿನ ಹೆಚ್ಚಿನ ಪಾಲು ಇರುವುದು ಅಲ್ಲೇ. ಹಿಪ್ಪೆಗೆ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ರೊಟ್ಟಿ ತಟ್ಟಿದೆ. ಆರೂವರೆಗೆ ರಸ, ಒಂಬತ್ತಕ್ಕೆ ಹಿಪ್ಪೆ ರೊಟ್ಟಿ. ಮಷೀನು ಕಷ್ಟಪಟ್ಟು ಬೇರೆ ಮಾಡಿದ ಗಜ್ಜರಿ ಇವರ ಹೊಟ್ಟೆಯಲ್ಲಿ ಮತ್ತೆ ಒಂದಾಗುತ್ತದೆ, ಕರೆಂಟ್ ಖರ್ಚು ನಮ್ಮದು. ಮೇಲೆ ಬೆಣ್ಣೆ ಬೇರೆ. ಗಜ್ಜರಿಯ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಜೊತೆಗೆ ಜಿಡ್ಡು ಬೇಕು ಎಂದು ಎಲ್ಲೋ ಓದಿಕೊಂಡಿದ್ದಾರೆ. ವಿಷಯ ನಿಜ, ತಕರಾರಿಲ್ಲ. ಆದರೆ ಅದರ ಬಲದ ಮೇಲೆ ಭಾನುವಾರ ಎರಡು ಬೆಣ್ಣೆ ದೋಸೆ ತಿಂದು ಬರುವ ದಾವಣಗೆರೆಯ ಬುದ್ಧಿಗೆ ಏನು ಹೇಳುವುದು?

ತೊಳೆಯುವ ಕೆಲಸ ಮಾತ್ರ ಅವರದೇ, ಅದು ಕರಾರು. ಜರಡಿಯ ಸಣ್ಣ ತೂತುಗಳಲ್ಲಿ ಕೂತ ನಾರು ಒಣಗಿದರೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಅದಕ್ಕೇ ಒಂದು ಹಳೇ ಟೂತ್ ಬ್ರಷ್ ಇಟ್ಟಿದ್ದಾರೆ. ಬೆಳಿಗ್ಗೆ ಎದ್ದು ಮೊದಲು ತಮ್ಮ ಹಲ್ಲು, ಆಮೇಲೆ ಮಷೀನಿನದು.

ಮೊನ್ನೆ ಗಜ್ಜರಿ ಅರ್ಧ ಒಳಗೆ ಹೋಗಿರುವಾಗ ಕರೆಂಟ್ ಹೋಯಿತು. ಇವರು ಒತ್ತುಗೋಲು ಹಿಡಿದು, ಈಗ ಬರುತ್ತದೆ ಈಗ ಬರುತ್ತದೆ ಎಂದು ಹತ್ತು ನಿಮಿಷ ನಿಂತರು. ಪಡಸಾಲೆಯಿಂದ ಟಕ್ ಟಕ್ ಸದ್ದು. ಇಷ್ಟು ಬೇಗ ಎಲೆ ಅಡಿಕೆಯೇ ಎಂದು ಬಗ್ಗಿ ನೋಡಿದರೆ, ಅತ್ತೆ ನಮ್ಮ ತಟ್ಟೆಯಿಂದಲೇ ಎತ್ತಿಕೊಂಡು ಹೋದ ಗಜ್ಜರಿ ಹೋಳಿಗೆ ಎರಡು ಹರಳು ಉಪ್ಪು ಹಾಕಿ ಕುಟ್ಟುತ್ತಿದ್ದರು.