ಗೋಡೆ ಕಟ್ಟುವಾಗಲೇ ಚಿತ್ರವೂ ಬರಲಿ

ಮೆಟ್ರೋ ಸ್ಟೇಷನ್ ಕಟ್ಟಿ ಮುಗಿದಿರುತ್ತದೆ. ಉದ್ಘಾಟನೆ ಹತ್ತಿರ ಬಂದಾಗ ಯಾರಿಗೋ ನೆನಪಾಗುತ್ತದೆ, "ಗೋಡೆ ಬೋಳು ಕಾಣ್ತಿದೆ, ಏನಾದ್ರೂ ಬರೆಸೋಣ." ಎರಡು ಮಳೆಗಾಲಕ್ಕೆ ಬಣ್ಣ ಏಳುತ್ತದೆ. ಆಮೇಲೆ ಅದರ ಮೇಲೊಂದು ಜಾಹೀರಾತು ಬಂದು ಕೂರುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ಕಲಾವಿದರದ್ದಲ್ಲ, ಅವರನ್ನು ಕರೆದದ್ದೇ ತಡವಾಗಿ.

ಸ್ಟಾಕ್‌ಹೋಮ್‌ನ ಟಿ-ಸೆಂಟ್ರಾಲೆನ್ ಸ್ಟೇಷನ್ನಿನ ನೀಲಿ ಮಾರ್ಗದ ಪ್ಲಾಟ್‌ಫಾರ್ಮ್ ನೋಡಿ. 1975ರಲ್ಲಿ ತೆರೆದದ್ದು. ಬಂಡೆ ಸಿಡಿಸಿ ಸುರಂಗ ಕೊರೆದರು, ಮೇಲೆ ಕಾಂಕ್ರೀಟ್ ಸಿಂಪಡಿಸಿದರು, ಉಬ್ಬುತಗ್ಗುಗಳನ್ನು ಮುಚ್ಚದೆ ಹಾಗೇ ಬಿಟ್ಟರು. ಆ ಒರಟು ಚಾವಣಿಯ ಮೇಲೆ ಪೆರ್ ಓಲೋಫ್ ಉಲ್ಟ್‌ವೆಡ್ಟ್ ದೊಡ್ಡ ದೊಡ್ಡ ನೀಲಿ ಬಳ್ಳಿ, ಎಲೆಗಳನ್ನು ಬರೆದರು. ಸದಾ ಗಿಜಿಗುಡುವ ಜಾಗ, ಜನಕ್ಕೆ ಸ್ವಲ್ಪ ಸಮಾಧಾನ ಸಿಗಲಿ ಅಂತ ನೀಲಿ. ನನಗೆ ಅದಕ್ಕಿಂತ ಇಷ್ಟವಾಗುವುದು ಅಲ್ಲೇ ಇರುವ ಕೆಲಸಗಾರರ ನೆರಳಿನಂಥ ಆಕೃತಿಗಳು. ಆ ಸ್ಟೇಷನ್ ಕಟ್ಟಿದವರೇ ಅವರು! ರಿಬ್ಬನ್ ಕತ್ತರಿಸಿದವರ ಹೆಸರು ಕಲ್ಲಿನಲ್ಲಿ ಕೆತ್ತುತ್ತೇವೆ. ಬೆವರು ಸುರಿಸಿದವರನ್ನು ಎಷ್ಟು ಕಡೆ ನೋಡಿದ್ದೇವೆ, ಹೇಳಿ?

ನ್ಯೂಯಾರ್ಕ್‌ನಲ್ಲಿ 2017ರಲ್ಲಿ ಶುರುವಾದ 72ನೇ ಸ್ಟ್ರೀಟ್ ಸ್ಟೇಷನ್ನಿನ ಗೋಡೆಯಲ್ಲೂ ಸಾಮಾನ್ಯ ಜನರೇ ಇದ್ದಾರೆ. ಕಲಾವಿದ ವಿಕ್ ಮುನೀಜ್ ಅವರ ಮೊಸಾಯಿಕ್, ಅಂದರೆ ಬಣ್ಣದ ಸಣ್ಣ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರ. ಆಳೆತ್ತರದ ಜನ, ಸುಮ್ನೆ ರೈಲಿಗೆ ಕಾಯುತ್ತಾ ನಿಂತಿದ್ದಾರೆ. ಒಬ್ಬರ ಬ್ಯಾಗಿನಿಂದ ಕಾಗದಗಳು ಹಾರಿಹೋಗುತ್ತಿವೆ. ಇಬ್ಬರು ಗಂಡಸರು ಕೈ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ನಿಂತವರಿಗೆ ಇದು ನಮ್ಮದೇ ಸಾಲು ಅನ್ನಿಸದೇ ಇರುತ್ತದಾ?

"ರೈಲು ಟೈಮಿಗೆ ಬಂದ್ರೆ ಸಾಕು, ಇದೆಲ್ಲ ದಂಡ" ಅನ್ನುವವರಿದ್ದಾರೆ. ರೈಲು ಟೈಮಿಗೆ ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆಗೆ ಹೇಗೂ ಟೈಲ್ಸ್ ಹಾಕಲೇಬೇಕು ಅಲ್ವಾ? ಅದನ್ನೇ ಚಿತ್ರವಾಗಿ ಜೋಡಿಸಿದರೆ ಮಳೆಗೆ ಹೋಗಲ್ಲ, ಒರೆಸಿದರೆ ಮತ್ತೆ ಹೊಳೆಯುತ್ತದೆ.

ಗೋಡೆಯೊಳಗೇ ಸೇರಿದ ಕಲೆಯನ್ನು ಜನ ಸುಲಭಕ್ಕೆ ಬಿಟ್ಟುಕೊಡುವುದೂ ಇಲ್ಲ. ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಸ್ಟೇಷನ್ನಿನಲ್ಲಿ 1980ರ ದಶಕದಲ್ಲಿ ಎಡ್ವಾರ್ಡೊ ಪಾವೊಲೊಟ್ಸಿ ಮಾಡಿದ ಮೊಸಾಯಿಕ್‌ಗಳಿವೆ. ಸ್ಟೇಷನ್ ದೊಡ್ಡದು ಮಾಡುವಾಗ, 2015ರಲ್ಲಿ, ಎಸ್ಕಲೇಟರ್ ಮೇಲಿನ ಕಮಾನುಗಳನ್ನು ಕೆಡವಿದರು. ಜನ ಸುಮ್ಮನಿರಲಿಲ್ಲ, ಸಹಿ ಸಂಗ್ರಹಿಸಿದರು. ಕಮಾನುಗಳು ಉಳಿಯಲಿಲ್ಲ. ಅದರ ಚೂರುಗಳನ್ನು ಮಾತ್ರ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಪ್ಲಾಟ್‌ಫಾರ್ಮ್ ಗೋಡೆಗಳಲ್ಲಿದ್ದ ಬಹುಪಾಲು ಮೊಸಾಯಿಕ್ ಇವತ್ತಿಗೂ ಅಲ್ಲೇ ಇದೆ, ರೈಲು ಬಂದಾಗ ಅದರ ಬೆಳಕಿಗೆ ಮಿನುಗುತ್ತಾ.